ಜೋಲಿಗೆ ಎಷ್ಟು ಗಾಳಿ

ಕನಾಸಿನ್ ಊರಾಚೆ ತೊಂಬತ್ತಾರು ಮನೆ.
ಗೋಡೆ ಎದ್ದಿವೆ, ಸುಣ್ಣ ಇನ್ನೂ ಹಸಿ.
ಖರೀದಿ ಪಟ್ಟಿಯಲ್ಲಿ ನನ್ನ ಪಾಲಿಗೆ ಉಳಿದದ್ದು
ಕೊನೆಯ ಎರಡು ಸಾಲು:
ದೀಪ. ಫ್ಯಾನು.
ಮನೆಯೊಂದಕ್ಕೆ ಇಷ್ಟೇ ಪೆಸೊ ಎಂದು ಬರೆದು
'ಇಷ್ಟೇ'ಗೆ ಮೇಲಿನವರು ಎರಡು ಸಲ ಅಡಿಗೆರೆ ಎಳೆದಿದ್ದರು.

ಮೆರಿದಾದ ಅಂಗಡಿಯಲ್ಲಿ ಎರಡು ದಿನ
ಕತ್ತೆತ್ತಿಕೊಂಡೇ ನಡೆದೆ.
ಅಲ್ಲಿ ಆಕಾಶವೆಲ್ಲ ಮಾರಾಟಕ್ಕಿತ್ತು.
ಐದು ರೆಕ್ಕೆಯದು, ಮೂರು ರೆಕ್ಕೆಯದು,
ತಾಳೆಗರಿಯಂತೆ ನಟಿಸುವುದು,
ಗಾಜಿನ ಗೊಂಚಲು, ಹಿತ್ತಾಳೆಯೆನ್ನುವ ಪ್ಲಾಸ್ಟಿಕ್ಕು,
'ಇದಕ್ಕೆ ಸದ್ದೇ ಇಲ್ಲ' ಎಂದು ಕಿರುಚುವ ಮಾರಾಟಗಾರ.
ರಾತ್ರಿ ಹಿಡಿದುಕೊಂಡ ಕತ್ತಿಗೆ ಮುಲಾಮು ತಿಕ್ಕುತ್ತ
ಹೆಂಡತಿ ಕೇಳಿದಳು:
'ಚುಕ್ಕಿ ಎಣಿಸಲು ಸಂಬಳ ಕೊಡುತ್ತಾರಾ?'

ಛಾವಣಿ ಎರಡು ಮೀಟರು ನಲವತ್ತು.
ಕಾಂಕ್ರೀಟು ತೊಲೆ, ನಡುನಡುವೆ ಟೊಳ್ಳು ಇಟ್ಟಿಗೆ.
ಟೊಳ್ಳಿಗೆ ಕೊಕ್ಕೆ ಹಾಕಿದರೆ
ಯಾವುದೋ ಏಪ್ರಿಲ್ ಮಧ್ಯಾಹ್ನ ಫ್ಯಾನು
ಹೇಳದೆ ಕೇಳದೆ ಊಟಕ್ಕಿಳಿಯುತ್ತದೆ.
ತೊಲೆಗೇ ಹಾಕಬೇಕು. ತೊಲೆ ಕೋಣೆಯ ನಡುವೆ ಬರುವುದಿಲ್ಲ.
ನಕ್ಷೆ ಬರೆದ ಹುಡುಗ ಗಾಸ್ಪರ್
ನಟ್ಟನಡುವೆ ಒಂದು ಮುದ್ದಾದ ಗೀಟು ಹಾಕಿಟ್ಟಿದ್ದ.
ಹದಿನೇಳು ಸೆಂಟಿಮೀಟರು ಸರಿಸಿದೆ.
ಸೊಟ್ಟ ಕಾಣುತ್ತದೆ ಎಂದ.
ಕಾಣಲಿ ಎಂದೆ.

ದೀಪಕ್ಕೆ ಹಳದಿ ಆರಿಸಿದೆ,
ಹೆಂಚಿನಿಂದ ಈಗಷ್ಟೇ ತೆಗೆದ ಜೋಳದ ರೊಟ್ಟಿಯ ಬಣ್ಣ.
ಬಿಳಿ ಬೆಳಕು ಆಸ್ಪತ್ರೆಯದು, ಪೊಲೀಸು ಠಾಣೆಯದು,
ಮನೆಗೆ ಬಂದವನಿಗೆ ಅದೇಕೆ?
ಮಾದರಿ ಮನೆಯಲ್ಲಿ ಹಾಕಿಸಿ
ಸೊಂಟದ ಮೇಲೆ ಕೈಯಿಟ್ಟು, ನಿಂತು, ಮೆಚ್ಚಿಕೊಂಡೆ.

ಶನಿವಾರ ದೊನ್ಯಾ ನಿದೆಲ್ವಿಯಾ ಚಬ್ಲೆ ಬಂದರು,
ನಲವತ್ತೊಂದನೆಯ ಮನೆಯವರು.
ಹೆಗಲ ಮೇಲೆ ಜೋಲಿ, ಚೀಲದಲ್ಲಿ ಕಸೂತಿಯ ಚೌಕಟ್ಟು.
ಅಡುಗೆ ಕಟ್ಟೆ ಮುಟ್ಟಲಿಲ್ಲ, ನಲ್ಲಿ ತಿರುಗಿಸಲಿಲ್ಲ.
ಗೋಡೆಯ ಕೊಕ್ಕೆಗಳಿಗೆ ಹಗ್ಗ ಸಿಕ್ಕಿಸಿ
ಎರಡು ಸಲ ಜಗ್ಗಿ, ಕೂತು, ಓರೆಯಾಗಿ ಹೊರಳಿ
ಮಲಗಿಯೇ ಬಿಟ್ಟರು.
ಏನು ಮಾಡಬೇಕೋ ತಿಳಿಯದೆ ನಾನು ಟೋಪಿ ತೆಗೆದೆ.

'ಮಗಾ, ನೀನಿಲ್ಲಿ ಮಲಗಿ ನೋಡಿದ್ದೀಯಾ?'

ಮಲಗಿದೆ, ಐವತ್ತೆರಡರ ಮಗ, ಬೂಟು ಹೊರಗೆ ಚಾಚಿ.
ಬಲ್ಬು ನೆಟ್ಟಗೆ ಕಣ್ಣೊಳಗೆ.
ರೆಕ್ಕೆ ಅದರಡಿ ಹಾದು ಹಾದು
ಬೆಳಕನ್ನು ಈರುಳ್ಳಿಯಂತೆ ಹೆಚ್ಚುತ್ತಿತ್ತು.
ಗೋಡೆ, ನೆರಳು, ಗೋಡೆ, ನೆರಳು,
ದೊನ್ಯಾರ ಅರ್ಧ ಮುಖ.
ಗಾಳಿ ಮಾತ್ರ ಎಲ್ಲೋ ಮೊಣಕಾಲಿನಾಚೆ ಬಿದ್ದು
ಸಿಮೆಂಟಿನ ಧೂಳಿನ ಜೊತೆ ಆಡಿಕೊಂಡಿತ್ತು.

ಆಮೇಲೆ ಸೂಜಿ ಕೊಟ್ಟರು, ಕಡುನೀಲಿ ನೂಲು ಕೊಟ್ಟರು.
ಪೋಣಿಸು ಎಂದರು.
ಸೂಜಿಯ ಕಣ್ಣೆಲ್ಲಿ, ನನ್ನ ಕಣ್ಣೆಲ್ಲಿ.
'ಏಳರಿಂದ ಹನ್ನೊಂದರವರೆಗೆ ನನ್ನ ದುಡಿಮೆ.
ನಿನ್ನ ಈ ರೊಟ್ಟಿ ಬೆಳಕಿನಲ್ಲಿ
ನೀಲಿಯೂ ಕರಿ, ಹಸಿರೂ ಕರಿ.
ಬಿಚ್ಚಿ ಮತ್ತೆ ಹೊಲಿಯುವ ಕೂಲಿ ಯಾರು ಕೊಡುತ್ತಾರೆ?'

ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ.
ಬುಡದಲ್ಲಿ ಮಲಗಿದ್ದವನು ನಾನು,
ಏಳಲು ಬಾರದೆ ಜೋಲಿಯಲ್ಲಿ ಒದ್ದಾಡುತ್ತಿದ್ದೆ.
ಅವರು ಕೈಕೊಟ್ಟರು.

ಭಾನುವಾರ ಪಟ್ಟಿ ಹರಿದೆ.
ದೀಪ ಛಾವಣಿಯಿಂದ ಗೋಡೆಗಿಳಿಯಿತು,
ಒಂದು ಬಿಳಿ, ಒಂದು ಹಳದಿ, ಎರಡು ಸ್ವಿಚ್ಚು,
ಕೆಳಗಿನದು ಜೋಲಿಯಿಂದ ಕೈಗೆಟುಕುವಷ್ಟು ತಗ್ಗಿನಲ್ಲಿ.
ಫ್ಯಾನು ಕಿಟಕಿ ಕಡೆಯ ತೊಲೆಗೆ, ತಲೆ ಬರುವಲ್ಲಿಗೆ.
ಗಾಸ್ಪರ್ ನಕ್ಷೆ ನೋಡಿ ಮಾತೇ ಆಡಲಿಲ್ಲ.
ಮನೆಗೆ ಇಪ್ಪತ್ತೆರಡು ಪೆಸೊ ಹೆಚ್ಚಾಯಿತು.
ಹೊಂದಿಸಲು ಬಾಗಿಲಾಚೆಯ ಗಾಜಿನ ಲಾಂದ್ರ ಕಿತ್ತು
ಬರಿಯ ಹೋಲ್ಡರು ಬರೆದೆ.
ಬೀದಿಯ ಅಂದ ಹಾಳು ಮಾಡಿದೆ ಎಂದು
ಮೇಲಿನವರು ಇವತ್ತಿಗೂ ಅನ್ನುತ್ತಾರೆ. ಸುಳ್ಳಲ್ಲ.

ಅವತ್ತು ರಾತ್ರಿ ನಮ್ಮ ಮನೆಯಲ್ಲಿ
ಜೋಲಿಗೆ ಬಿದ್ದು ಮೇಲೆ ನೋಡಿದೆ.
ಕಟ್, ಕಟ್, ಕಟ್ ಎನ್ನುತ್ತಿತ್ತು ನಮ್ಮ ಫ್ಯಾನು.
'ಇದು ಯಾವಾಗಿನಿಂದ?'
ಪಕ್ಕದ ಜೋಲಿ ಕತ್ತಲಲ್ಲಿ ಒಮ್ಮೆ ತೂಗಿ
'ನೀನು ಹಾಕಿದಾಗಿನಿಂದ' ಎಂದಿತು.