ದೊಣ್ಣೆಯ ನಿಮಿಷ

ಪೋರ್ಚುಗಲ್ಲಿನ ಆಗೆದಾ ಊರಿನಾಚೆ, ಹೊಳೆ ತಿರುಗುವಲ್ಲಿ
ಕೈತೊಳೆವ ಬೇಸಿನ್ನು ಮಾಡುವ ಕಾರ್ಖಾನೆ.
ಹಗಲಿರುಳು ಆರದ ಸುರಂಗದಂಥ ಆವಿಗೆ:
ನಲವತ್ತು ನಿಮಿಷಕ್ಕೊಂದು ಗಾಡಿ ಒಳಕ್ಕೆ,
ನಲವತ್ತು ನಿಮಿಷಕ್ಕೊಂದು ಹೊರಕ್ಕೆ.
ಆಚೆ ಬಂದದ್ದು ಬೆಳ್ಳಗೆ, ತಟ್ಟಿದರೆ ಟಣ್ಣೆನ್ನುತ್ತದೆ.
ಈಚೆ ಉಳಿದದ್ದು
ನಡುದಾರಿಯಲ್ಲಿ ದಿನಗಟ್ಟಲೆ
ಬಾಯಿ ತೆರೆದುಕೊಂಡು ಸಾಲಾಗಿ ಕೂತಿರುತ್ತದೆ.

ಇನ್ನೊಂದು ಆವಿಗೆ ಬೇಕು ಎಂದರು ಮಾಲೀಕರು.
ಬೇಕೇ, ನೋಡಿ ಹೇಳು ಎಂದು ನನ್ನನ್ನು ಕರೆಸಿದರು.

ನನ್ನ ಕಸುಬು ಇಷ್ಟೆ:
ಕುಂಬಾರನ ವರುಷವನ್ನು ದೊಣ್ಣೆಯ ನಿಮಿಷದಲ್ಲಿ
ಓಡಿಸಿ ನೋಡುವುದು,
ಏನೂ ಒಡೆಯದ ಹಾಗೆ.

ಬೇಸಿನ್ನಿಗೊಂದು ನೀಲಿ ಚುಕ್ಕಿ, ಆಳಿಗೊಂದು ಹಸಿರು ಉರುಟು.
ಒಂದೇ ಸೋಮವಾರವನ್ನು ಸಾವಿರ ಸಲ ಹುಟ್ಟಿಸುತ್ತೇನೆ.
ಒಂದರಲ್ಲಿ ಪಂಪು ಕೆಡುತ್ತದೆ, ಒಂದರಲ್ಲಿ ಯಾರಿಗೋ ಜ್ವರ,
ಇನ್ನೊಂದು ಸುಮ್ಮನೆ ಕಳೆಯುತ್ತದೆ.
ಮೊದಲ ಇನ್ನೂರು ಗಂಟೆಯ ಲೆಕ್ಕ ಎಸೆಯಬೇಕು.
ಖಾಲಿ ಕಾರ್ಖಾನೆ ಸುಳ್ಳು ಹೇಳುತ್ತದೆ,
ಹೊಸದಾಗಿ ಹೂಡಿದ ಸಂಸಾರದಂತೆ:
ಎಲ್ಲಕ್ಕೂ ಜಾಗವಿದೆ, ಯಾರೂ ಯಾರಿಗೂ ಕಾಯುವುದಿಲ್ಲ.

ದಿಯೊಲಿಂದಾಳನ್ನು ಕೇಳಿದ್ದೆ, ಎಲ್ಲರನ್ನೂ ಕೇಳುವ ಮೂರು ಪ್ರಶ್ನೆ.
ಒಂದು ಬೇಸಿನ್ನಿಗೆ ಬಣ್ಣದ ಹೊಳಪು ಬಳಿಯಲು
ಕಡಿಮೆಯೆಂದರೆ ಎಷ್ಟು ಹೊತ್ತು?
ಹೆಚ್ಚೆಂದರೆ?
ಸಾಮಾನ್ಯವಾಗಿ?
ಮೊಣಕೈವರೆಗೆ ಬೆಳ್ಳಗಾದ ಇಪ್ಪತ್ತಾರು ವರುಷದ ಅನುಭವ
ಪಿಸ್ತೂಲಿನಂಥ ಸ್ಪ್ರೇ ಕೆಳಗಿಳಿಸದೆ ಹೇಳಿತು:
ಮೂರು. ಏಳು. ನಾಲ್ಕು ಅಂತ ಬರಕೋ.

ಬರಕೊಂಡೆ.
ನನ್ನ ಪರದೆಯಲ್ಲಿ ದಾರಿ ಖಾಲಿ.
ಇಲ್ಲಿ ಕಾಲಿಡಲು ಜಾಗವಿಲ್ಲ.

ಒಂಬತ್ತು ದಿನ ಗಡಿಯಾರ ಹಿಡಿದು ಅವಳ ಪಕ್ಕ ನಿಂತೆ.
ಆರನೆಯ ದಿನ ಹೊಳೆಯಿಂದ ಮಂಜು ಎದ್ದು
ಕಿಟಕಿಯ ಸಂದಿಯಿಂದ ಒಳಗೆ ಬಂತು.
ಅವತ್ತು ದಿಯೊಲಿಂದಾ ಪ್ರತಿ ಬೇಸಿನ್ನಿನ ಹೊಟ್ಟೆಗೂ
ಅಂಗೈ ಅಲ್ಲ, ಕೈಯ ಹಿಂಬದಿ ತಾಗಿಸಿ
ತಣ್ಣಗಿದ್ದದ್ದನ್ನೆಲ್ಲ ಹಿಂದಕ್ಕೆ ಕಳಿಸಿದಳು.
ಒಳಗೆ ನೀರಿದೆ. ಬೆಂಕಿಗೆ ಹೋದರೆ ಸೀಳುತ್ತೆ.
ಮೊದಲೇ ಯಾಕೆ ಹೇಳಲಿಲ್ಲ?
ನೀನು ಬಳಿಯೋ ಹೊತ್ತು ಕೇಳಿದೆ,
ಮುಟ್ಟೋ ಹೊತ್ತು ಕೇಳಲಿಲ್ಲ.

ನನ್ನ ಅಂದದ ಮುಕ್ಕೋನೆ ಬಿದ್ದುಹೋಗಿ
ಅಲ್ಲಿ ಎರಡು ಡುಬ್ಬದ ಒಂಟೆ ಎದ್ದು ನಿಂತಿತು,
ಬಿಸಿಲ ದಿನಕ್ಕೊಂದು ಡುಬ್ಬ, ಮಂಜಿನ ದಿನಕ್ಕೊಂದು.
ರಾತ್ರಿ ಮತ್ತೆ ಓಡಿಸಿದೆ. ನೀಲಿ ಚುಕ್ಕಿಗಳು
ನಡುದಾರಿಯಲ್ಲಿ, ಕಂಬದ ಎಡಕ್ಕೆ, ಅಲ್ಲೇ,
ಸರಿಯಾಗಿ ಅಲ್ಲೇ ಗುಂಪುಗೂಡಿದವು.
ಒಬ್ಬಳೇ ಕೂತು ಚಪ್ಪಾಳೆ ತಟ್ಟಿದೆ, ಕಷ್ಟವನ್ನು ಕಂಡು.

ಆವಿಗೆ ಬೇಡ. ಒಣಗಿಸುವ ಕೋಣೆಗೆ ಬಿಸಿಗಾಳಿ ಸಾಕು.
ಮತ್ತೆ, ಮಂಜಿನ ದಿನ ಅಚ್ಚಿಗೆ ಕಡಿಮೆ ಸುರಿಯಿರಿ.
ಅಲ್ಲಿಗೆ ಮೇಸ್ತ್ರಿ ಅಬೀಲಿಯುಗೆ ಉರಿದುಹೋಯಿತು.
ಕೈ ಕಟ್ಟಿ ನಿಲ್ಲೋಕೆ ಸಂಬಳವಾ?
ನಿಲ್ಲಲಿ ಎಂದೆ. ಸುರಿದದ್ದು ನಿಲ್ಲುವುದಕ್ಕಿಂತ
ಸುರಿಯುವವನು ನಿಲ್ಲುವುದು ಅಗ್ಗ.
ಲೆಕ್ಕ ಒಪ್ಪಿದ, ಮುಖ ಒಪ್ಪಲಿಲ್ಲ.

ದಿಯೊಲಿಂದಾ ಊಟದ ಹೊತ್ತಿಗೆ ಬಂದು ಬಗ್ಗಿ ನೋಡಿದಳು.
ಇದರಲ್ಲಿ ನಾನೆಲ್ಲಿ?
ಈ ಹಸಿರು ಉರುಟು.
ಕೆಲಸ ಇಲ್ಲದಾಗ ಏನು ಮಾಡುತ್ತೆ?
ಬೂದಿ ಬಣ್ಣಕ್ಕೆ ತಿರುಗಿ ಕಾಯುತ್ತೆ.
ನಿಂತುಕೊಂಡೇ?
ನನಗೆ ಉತ್ತರ ಹೊಳೆಯಲಿಲ್ಲ.
ಒಂದು ಕುರ್ಚಿ ಹಾಕು ಅದಕ್ಕೆ, ಎಂದು ಹೋದಳು.

ಹಾಕಿದೆ. ಕಪ್ಪು ಚೌಕ, ಬೆರಳುಗುರಿನಷ್ಟು.
ಸಾವಿರ ಸೋಮವಾರ ಮತ್ತೆ ಓಡಿದವು.
ದಶಾಂಶದ ಎರಡನೆಯ ಅಂಕೆಯೂ ಅಲುಗಲಿಲ್ಲ.

ಗುರುವಾರದ ಸಭೆಯಲ್ಲಿ ಆವಿಗೆಯ ಮಾತು
ಐದೇ ನಿಮಿಷಕ್ಕೆ ಮುಗಿಯಿತು.
ಆಮೇಲೆ ಮಾಲೀಕರು ಕನ್ನಡಕ ಏರಿಸಿ, ಪರದೆಗೆ ಹತ್ತಿರ ಬಂದು
ಕೇಳಿದರು: ಅದೇನದು, ಆ ಕಪ್ಪು ಚೌಕ?