ಇನ್ನೂರು ಫರಸಿ

ಶಹಾಬಾದಿನಲ್ಲಿ ಮಧ್ಯಾಹ್ನದ ಪಾಠಕ್ಕೆ ಎರಡು ದನಿ:
ನನ್ನದೊಂದು,
ಕಾಲೇಜಿನ ಗೋಡೆಯಾಚೆ ಫರಸಿ ಕೊಯ್ಯುವ ಗರಗಸದ್ದೊಂದು.
ಹತ್ತೊಂಬತ್ತು ವರ್ಷದಿಂದ ನಾನೇ ಸೋಲುತ್ತಿದ್ದೇನೆ.

"ಎತ್ತು ಬಂಡಿ ಜಗ್ಗಿದಷ್ಟ
ಬಂಡೀನೂ ಎತ್ತಿಗಿ ಜಗ್ಗತದಂದ್ರ
ಬಂಡಿ ಹೊಂಟೀತು ಹ್ಯಾಂಗರಿ ಸರ?"
ದೇವಿಂದ್ರಪ್ಪ ಕೇಳಿದ್ದ.
ಗೊರಸನ್ನು ನೋಡು ಎಂದಿದ್ದೆ,
ಅದು ನೆಲವನ್ನು ಹಿಂದಕ್ಕೆ ಒದೆಯುತ್ತದೆ,
ನೆಲ ಸುಮ್ಮನೆ ಒದೆಸಿಕೊಳ್ಳುವ ಜಾತಿಯದಲ್ಲ.
ನಕ್ಕ. ಒಪ್ಪಿದನೋ ಇಲ್ಲವೋ.

ಅವತ್ತು ಬೋರ್ಡಿನ ಮೇಲೆ ಕೂಲಿಯವನನ್ನು ಬರೆದೆ,
ಪುಸ್ತಕದಲ್ಲಿದ್ದಂತೆ: ತಲೆಯ ಮೇಲೆ ಸೂಟ್‌ಕೇಸು,
ಕಾಲ ಕೆಳಗೆ ಸಪಾಟು ಪ್ಲಾಟ್‌ಫಾರ್ಮು.
ಭಾರ ಕೆಳಕ್ಕೆ, ಬಲ ಮೇಲಕ್ಕೆ, ನಡಿಗೆ ಅಡ್ಡಕ್ಕೆ.
ತೊಂಬತ್ತು ಡಿಗ್ರಿಯ ಕೊಸೈನು ಸೊನ್ನೆ;
ಹೊರೆಯ ಮೇಲೆ ಅವನು ಮಾಡಿದ ಕೆಲಸವೂ.
ಬಳಪದಿಂದ ದುಂಡಗೆ ಸುತ್ತಿದೆ.
"ಸಿಂಬಿ ಇದ್ದಂಗ ಅದ" ಎಂದರು
ಹಿಂದಿನ ಬೆಂಚಿನಿಂದ ಯಾರೋ.

ಸಾಬಮ್ಮ ಎದ್ದಳು.
ಅಂಗೈಗೆರೆಗಳಲ್ಲಿ ಭಾನುವಾರದ ಕಲ್ಲುಪುಡಿ.
"ಸರ, ನಮ್ಮವ್ವ ದಿನಕ್ಕ ಇನ್ನೂರು ಫರಸಿ ಹೊರತಾಳ್ರಿ,
ಒಂದೊಂದು ಇಪ್ಪತ್ತು ಕೆ.ಜಿ.
ನಡದದ್ದು ಲೆಕ್ಕಕ್ಕಿಲ್ಲ ಅಂದ್ರಿ, ಬಿಟ್ಟೆ.
ಲಾರಿಗಿ ಏರಿಸಿದ್ದಷ್ಟ ಹಿಡದೀನಿ, ನಾಕ ಫೂಟು."
ನೋಟುಬುಕ್ಕಿನ ಕಡೆಯ ಹಾಳೆಯಲ್ಲಿ ಗುಣಾಕಾರ:
ನಲವತ್ತೆಂಟು ಸಾವಿರ ಜೂಲ್.
"ಕಿಲೋಕ್ಯಾಲೊರಿಗಿ ತಂದ್ರ ಹನ್ನೊಂದೂವರಿ.
ಒಂದು ಜ್ವಾಳದ ರೊಟ್ಟ್ಯಾಗ ನೂರರ ಮ್ಯಾಲ ಅದ.
ಅಂದ್ರ ದಿನಪೂರ್ತಿ ದುಡಿಮಿಗಿ ಒಂದು ತುತ್ತು ಸಾಕು.
ಆಕಿ ದಿನಕ್ಕ ಏಳೆಂಟು ತಿಂತಾಳ,
ಆದರೂ ರಾತ್ರಿ ನನ್ನ ಕಡಿಂದ ಕುತ್ತಿಗಿ ತಿಕ್ಕಿಸ್ಕೊಂತಾಳ.
ಉಳದ ರೊಟ್ಟಿ ಎಲ್ಲಿ ಹೋದವ್ರಿ?"

ಗರಗಸ ನಿಂತಿತ್ತು. ಕರೆಂಟು ಹೋಗಿರಬೇಕು.

ಲ್ಯಾಬಿನಿಂದ ಎರಡು ಕೆ.ಜಿ. ತೂಕದ ಕಲ್ಲು ತರಿಸಿ
ದೇವಿಂದ್ರಪ್ಪನ ಕೈಗಿಟ್ಟೆ. ತೋಳು ಚಾಚು.
ಎತ್ತಬೇಡ, ಇಳಿಸಬೇಡ, ನಡೆಯಲೂಬೇಡ.
ಒಂದು ನಿಮಿಷ. ಎರಡು.
ಮೂರನೆಯದರಲ್ಲಿ ತೋಳು ನಡುಗಿತು, ಮೀಸೆ ಚಿಗುರುವಲ್ಲಿ ಬೆವರು.
ಕಬ್ಬಿಣ ಇದ್ದಲ್ಲೇ ಇತ್ತು.

ಮೇಜಿನ ಮೇಲಿಟ್ಟರೆ, ಎಂದೆ, ಮೇಜು ಇದನ್ನು
ವರ್ಷಗಟ್ಟಲೆ ಹೊರುತ್ತದೆ, ಉಣ್ಣಲು ಕೇಳುವುದಿಲ್ಲ.
ಸ್ನಾಯುವಿನ ಎಳೆಗಳು ಹಿಡಿಯುತ್ತವೆ, ಜಾರುತ್ತವೆ,
ಮತ್ತೆ ಹಿಡಿಯುತ್ತವೆ;
ಹೊರಗೆ ಅಲುಗದ ಕೈ, ಒಳಗೆ ಎಡೆಬಿಡದ ಜಗ್ಗಾಟ.
ಸುಮ್ಮನೆ ಮಲಗಿದ್ದರೂ ಉಸಿರಿಗೆ ಒಂದಷ್ಟು ರೊಟ್ಟಿ ಬೇಕು,
ಮಿಕ್ಕದ್ದು ಅಲ್ಲಿ ಸುಟ್ಟಿತು.
ಸಂಜೆ ನಿಮ್ಮವ್ವನ ಕುತ್ತಿಗೆ ಬಿಸಿ ಇರುತ್ತದಲ್ಲ,
ಸೆರಗು ಒದ್ದೆ ಇರುತ್ತದಲ್ಲ,
ನೀನು ಹುಡುಕುತ್ತಿರುವ ರೊಟ್ಟಿ ಅದು.
ಸೊನ್ನೆ ಅಂದದ್ದು ಕಲ್ಲಿನ ಲೆಕ್ಕ.

ಕೂತಳು. ನಕ್ಕಳೆಂದು ಹೇಳಲಾರೆ.
"ಮುಕಾದಮನೂ ಕಲ್ಲಿನ ಲೆಕ್ಕಾನ ಹಿಡೀತಾನ್ರಿ"
ಎಂದದ್ದು ನನಗೋ, ಪಕ್ಕದ ಖಾಸಿಂಬೀಗೋ.
ಅಷ್ಟರಲ್ಲಿ ಕರೆಂಟು ಬಂತು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅದೇ ಪ್ರಶ್ನೆ, ಒಂದು ಅಂಕಕ್ಕೆ.
ನಾನೇ ತೆಗೆದದ್ದು; ಈ ಸಲ
ಸೂಟ್‌ಕೇಸು ಇರಲಿಲ್ಲ, ಕೂಲಿ ಹೆಂಗಸು.
ಎಲ್ಲರೂ ಸೊನ್ನೆ ಎಂದು ಬರೆದಿದ್ದರು.
ಸಾಬಮ್ಮ ಬರೆದಿದ್ದಳು: ಕಲ್ಲಿನ ಮೇಲೆ, ಸೊನ್ನೆ.
ಮುಂದೆ ಒಂದು ಅಲ್ಪವಿರಾಮ ಇಟ್ಟು
ಹಾಗೇ ಬಿಟ್ಟಿದ್ದಳು.

ಒಂದು ಅಂಕ ಕೊಟ್ಟೆ.
ಅದಕ್ಕಿಂತ ಹೆಚ್ಚು ಕೊಡಲು
ಆ ಪತ್ರಿಕೆಯಲ್ಲಿ ಜಾಗವಿರಲಿಲ್ಲ.