ಚಿತ್ರದ ಬೆನ್ನು

ನನಗೆ ಚಿತ್ರಗಳ ಮುಖ ಅಷ್ಟಾಗಿ ತಿಳಿಯದು.
ಬೆನ್ನು ಗೊತ್ತು: ಯಾವ ಮರ, ಎಷ್ಟು ಮೊಳೆ,
ಯಾವ ಮೂಲೆಯಲ್ಲಿ ಉಳಿ ಜಾರಿದೆ,
ಗೆದ್ದಲು ಎಲ್ಲಿ ಬಾಯಿ ಹಾಕಿದೆ.
ವಿರಾಜಪೇಟೆಯಲ್ಲಿ ಅಪ್ಪ ಪೋಕರ್ ಮೇಸ್ತ್ರಿಯ ಕಾಲದಿಂದ
ನಮ್ಮದು ಕಟ್ಟು ಹಾಕುವ ಅಂಗಡಿ.
ಮದುವೆಯ ಫೋಟೊ, ಬರ್ಮಾದಿಂದ ಬಾರದ ಸುಬೇದಾರರು,
ಎದೆ ತೆರೆದು ತೋರಿಸುವ ಯೇಸು, ಮಕ್ಕಾದ ಪಟ,
ಎಲ್ಲರೂ ಒಂದೇ ಗೋಡೆಗೆ ಒರಗಿ
ಗಾಜಿಗಾಗಿ ಕಾಯುತ್ತಿದ್ದರು.

ಅವರ ನಡುವೆ ಬಂದು ನಿಂತವಳು ವಿನಿಫ್ರೆಡ್ ಹೋಲ್ಟ್.
ಅರವತ್ತೊಂದರ ಮಳೆಗಾಲ.
ತಲೆಗೆ ಗದ್ದೆಯಾಳಿನ ಕಂಬಳಿಕೊಪ್ಪೆ, ಕೈಯಲ್ಲಿ
ಮಗುವಿನಂತೆ ಸುತ್ತಿದ ಕ್ಯಾನ್ವಾಸು.
ವಾರದೊಳಗೆ ಪೇಟೆ ಅವಳನ್ನು ವಿನ್ನಿಯಮ್ಮ ಮಾಡಿಕೊಂಡಿತು.

ಅವಳ ಊರು ಕ್ಯಾನ್ಸಸ್. ಅಲ್ಲಿ ಗುಡ್ಡವೇ ಇಲ್ಲವಂತೆ.
ಬಾಗಿಲಲ್ಲಿ ನಿಂತರೆ
ನಾಳೆ ಬರುವ ನೆಂಟ ಇವತ್ತೇ ಕಾಣುತ್ತಾನಂತೆ.
ಒಂಬತ್ತು ವರ್ಷದವಳಿದ್ದಾಗ ಧೂಳು ಎದ್ದು
ಮೂರು ದಿನ ಹಗಲೇ ಆಗಲಿಲ್ಲ.
ತಾಯಿ ಹಾಸಿಗೆಬಟ್ಟೆಗಳನ್ನು ನೀರಲ್ಲಿ ಅದ್ದಿ
ಕಿಟಕಿ ಕಿಟಕಿಗೂ ತೂಗುಹಾಕಿದಳು.
ಬೆಳಗಾದಾಗ ಆ ಬಿಳಿಯ ಮೇಲೆ
ಹೊಲಕ್ಕೆ ಹೊಲವೇ ಬಂದು ಕೂತಿತ್ತು.
"ಅದು ನಾನು ನೋಡಿದ ಮೊದಲ ಚಿತ್ರ, ಮೊಯ್ದು."

ಆಮೇಲೆ ನ್ಯೂಯಾರ್ಕಿನಲ್ಲಿ ಕನಸು ಬಿಡಿಸುವವರ ಗುಂಪು.
ಅಲ್ಲಿನ ಗಂಡಸರಿಗೆ ಅವಳು ಕನಸಿನಲ್ಲಿ ಬರಬೇಕಿತ್ತು,
ಅವಳ ಕನಸು ಏನೆಂದು ಒಬ್ಬನೂ ಕೇಳಲಿಲ್ಲ.
ಜಗಳಾಡಿದಳು. ಹಡಗು ಹತ್ತಿದಳು.
ಇಲ್ಲಿಗೇ ಏಕೆ ಎಂದರೆ
"ಮಂಜು ಒಳಗೆ ಬರುವಾಗ ಬಾಗಿಲು ತಟ್ಟುವುದಿಲ್ಲ" ಎಂದಳು.
ಇದು ಉತ್ತರವೋ ಅಲ್ಲವೋ, ನಾನು ಮರ ಅಳೆದೆ.

ಅವಳ ಚಿತ್ರದಲ್ಲಿ ಕುಪ್ಯವೊಂದು
ಒಳಗೆ ಮೈಯಿಲ್ಲದೆ ಸಂತೆಗೆ ಹೋಗುತ್ತಿತ್ತು,
ಸೊಂಟದ ಚೇಲೆ ಮಾತ್ರ ಬಿಗಿಯಾಗಿ.
ಮದುವೆಯಂಗಳದಲ್ಲಿ ಕಡಿದ ಬಾಳೆದಿಂಡುಗಳು
ಕಂಬಳಿ ಹೊದ್ದು ಮಲಗಿದ್ದವು.
ಇನ್ನೊಂದರಲ್ಲಿ ಕಣದ ತುಂಬ
ಕಾಫಿಯ ಬದಲು ಕಿವಿಗಳು,
ಮುದುಕಿಯೊಬ್ಬಳು ಬಿಸಿಲಿಗೆ ಕಾಲಲ್ಲಿ ಸಾಲು ಹೊರಳಿಸುತ್ತಿದ್ದಳು.
ಉಮ್ಮ ಅದನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು,
ನಾವಾಡಿದ್ದೆಲ್ಲ ಕೇಳಿಸೀತು ಎಂದು.

ಆ ಕಿವಿಗಳ ಮೇಲಿನ ಆಕಾಶದ ಕಥೆ ಬೇರೆ.
ಕಕ್ಕಡ ಹದಿನೆಂಟು, ಚೋಂದಮ್ಮಕ್ಕ ಮದ್ದುಸೊಪ್ಪು ಬೇಯಿಸಿ
ಪಾಯಸ ಮಾಡಿ ನಮಗೂ ಕಳಿಸಿದ್ದಳು.
ಆ ನೇರಳೆ ಕಂಡು ವಿನ್ನಿಯಮ್ಮ ತಿನ್ನುವುದ ಬಿಟ್ಟು
ಬೆರಳು ಅದ್ದಿ ಗೋಡೆಗೆ ಎಳೆದಳು.
ನಾಳೆ ಉಚ್ಚೆಯೂ ಕೆಂಪಾಗುತ್ತೆ ಎಂದು ಚೋಂದಮ್ಮಕ್ಕ ನಕ್ಕರೆ,
ಮಾರನೆಯ ದಿನ ಅಂಗಡಿಗೇ ಬಂದು
"ನಿಜ" ಎಂದು ವರದಿ ಒಪ್ಪಿಸಿದಳು.
ಬಿಂದಿಗೆ ತುಂಬ ರಸ ಒಯ್ದು ಆಕಾಶ ಬಳಿದಳು.
ಸೊಪ್ಪಿನ ಬಣ್ಣ, ನಿಲ್ಲದು ಎಂದೆ.
"ಹೋಗಲಿ ಬಿಡು, ಆಕಾಶ ಎಲ್ಲಿ ನಿಂತಿದೆ" ಎಂದಳು.

ಮತ್ತೊಂದು ವರ್ಷ, ಹೂಮಳೆ ಬಿದ್ದ ಮಾರನೆಯ ವಾರ,
ತೋಟಗಳೆಲ್ಲ ಬೆಳ್ಳಗಾದಾಗ
ಕಿಟಕಿಯಲ್ಲೇ ಬಹಳ ಹೊತ್ತು ನಿಂತಿದ್ದಳಂತೆ.
ಹಾಸಿಗೆಬಟ್ಟೆ ನೆನಪಾಯಿತೇನೋ, ನನಗೆ ಹೇಳಲಿಲ್ಲ.
ಮೈಸೂರು ಬಸ್ಸು ಹತ್ತಿದಳು.
ಎದೆನೋವು ಎಂದರು, ಕಾಗದಪತ್ರ ಎಂದರು.
ಕಿವಿಗಳು ನಮ್ಮ ಗೋಡೆಗೇ ಉಳಿದವು.

ಹೋದ ವರ್ಷ ಯಾರೋ ಇಬ್ಬರು ಕಾರಿನಲ್ಲಿ ಬಂದು
ಅವಳ ಹೆಸರು ಹೇಳಿ ಕೈಗೆ ಬಿಳಿ ಗವಸು ಹಾಕಿಕೊಂಡರು.
ಚಿತ್ರ ತಿರುಗಿಸಿದೆ. ಆಕಾಶ
ಚಹಾದ ಕಲೆಯಾಗಿತ್ತು. ಕಿವಿಗಳು ಹಾಗೇ ಇದ್ದವು.
ದೀಪ ಹಿಡಿದು, ಅಳೆದು, ಮುಖದ ಫೋಟೊ ತೆಗೆದು
ಇಂಗ್ಲಿಷಿನಲ್ಲಿ ಏನೋ ಪಿಸುಗುಟ್ಟಿಕೊಂಡರು.
ಇದರ ಬೆನ್ನು ನೋಡಿ ಎಂದೆ.

ನಂದಿ ಮರ, ಹದಿನಾರು ಮೊಳೆ,
ಒಂದೂ ತುಕ್ಕು ಹಿಡಿದಿಲ್ಲ.
ಕೆಳಗೆ ಪೆನ್ಸಿಲ್ಲಿನಲ್ಲಿ,
ನಮ್ಮ ಸಕೀನಾ ಕಲಿಸಿದ ಅಕ್ಷರ,
ಒತ್ತಕ್ಷರವೆಲ್ಲ ಪಕ್ಕದ ಮನೆಗೆ ಹೋಗಿವೆ:
ಮೊಯ್ದುಗೆ ಮೂವತ್ತೇಳು ರೂಪಾಯಿ ಬಾಕಿ.